ಮೂವತ್ತೊಂದನೇ ಪುಟ

ಹದಿನೈದು ದಿನಕ್ಕೊಮ್ಮೆ, ಗುರುವಾರ,
ಆರ್ಕ್ನಿಯ ಈ ತುದಿಗೆ, ವೆಸ್ಟ್ರೇ ದ್ವೀಪಕ್ಕೆ,
ದೋಣಿಯಿಂದ ಇಳಿಯುತ್ತದೆ ಪುಸ್ತಕದ ವ್ಯಾನು.
ಗಾಳಿ ಜೋರಿದ್ದರೆ ದೋಣಿ ಇಲ್ಲ,
ದೋಣಿ ಇಲ್ಲದಿದ್ದರೆ ವ್ಯಾನು ಇಲ್ಲ,
ವ್ಯಾನು ಇಲ್ಲದ ದಿನ
ನನ್ನನ್ನು ಮಾತಾಡಿಸಬೇಡಿ.

ಏಡಿ ಕಾರ್ಖಾನೆಯಲ್ಲಿ ಕೆಲಸ ನನಗೆ.
ಮಧ್ಯಾಹ್ನ ಮೂರರ ತನಕ ಚಿಪ್ಪು ಒಡೆದು
ಬಿಳಿ ಮಾಂಸ ಬೇರೆ, ಕಂದು ಮಾಂಸ ಬೇರೆ.
ಎಷ್ಟು ತೊಳೆದರೂ ಬಿಡದ ಆ ವಾಸನೆಯಲ್ಲೇ
ಎಷ್ಟು ಜನ ಡ್ಯೂಕರು ನನ್ನ ಕೈ ಹಿಡಿದರೋ
ಲೆಕ್ಕ ಇಟ್ಟಿಲ್ಲ.
ಪ್ರೇಮವಿದ್ದರೂ ಸರಿ, ಡ್ರ್ಯಾಗನ್ ಇದ್ದರೂ ಸರಿ.
ಎರಡೂ ಒಂದೇ ಪುಸ್ತಕದಲ್ಲಿ ಸಿಕ್ಕವೋ,
ಅವತ್ತು ಒಲೆಯ ಮೇಲಿನ ಆಲೂಗಡ್ಡೆ
ತಳ ಹಿಡಿಯಿತೆಂದೇ ತಿಳಿಯಿರಿ.

ಅಕ್ಕ ಇಂಗಾ ಅನ್ನುತ್ತಾಳೆ:
'ಎಲ್ಲ ಒಂದೇ ಕತೆ, ಥೋರಾ. ಕೊನೆಗೆ ಮದುವೆ ಆಗುತ್ತಾರೆ.'
ಹೌದು, ಆಗುತ್ತಾರೆ.
ದಿನಕ್ಕೆರಡು ಸಲ ಕಡಲು ಇಳಿಯುತ್ತದೆ, ಏರುತ್ತದೆ,
ಗೊತ್ತಿದ್ದೂ ನೀನು ಕಿಟಕಿಗೆ ಬರುವುದಿಲ್ಲವೇ?
ಇನ್ನೂರನೇ ಪುಟದ ಹೊತ್ತಿಗೆ ಒಂದು ಜಗಳ ಆಗಬೇಕು,
ಒಂದು ಕಾಗದ ಯಾರದೋ ಕೈ ಸೇರಬೇಕು,
ಹಿಮ ಸುರಿವ ರಾತ್ರಿ ಛತ್ರದಲ್ಲಿ
ಒಂದೇ ಒಂದು ಮಂಚ ಖಾಲಿ ಇರಬೇಕು.
ಇಷ್ಟಾದರೂ ಕಟ್ಟಳೆ ಇಲ್ಲದೆ ಲೋಕ ಹೇಗೆ ನಡೆದೀತು?

ಕಷ್ಟವೊಂದೇ. ರಕ್ಷಾಪುಟಗಳೆಲ್ಲ ಒಂದೇ ಥರ:
ಅಂಗಿಯ ಗುಂಡಿ ಮರೆತ ಗಂಡಸು,
ಹಿಂದೆ ಬಂಡೆ, ಬಂಡೆಗೆ ಅಲೆ.
ಓದಿದ್ದನ್ನೇ ಹೊತ್ತು ತಂದು ಇಪ್ಪತ್ತು ಪುಟವಾದ ಮೇಲೆ
ಹಣೆ ಚಚ್ಚಿಕೊಂಡದ್ದುಂಟು.
ಅದಕ್ಕೇ ಈ ಗುರುತು:
ಮೂವತ್ತೊಂದನೇ ಪುಟದ ಕೆಳಮೂಲೆಯಲ್ಲಿ
ಪೆನ್ಸಿಲಿನದೊಂದು ಪುಟ್ಟ ಸೊನ್ನೆ.
ಅಮ್ಮನದು ಹದಿನಾಲ್ಕನೇ ಪುಟ, ಗುಣಾಕಾರದ ಚಿಹ್ನೆ.
ಹಳೆಯ ಪುಸ್ತಕಗಳಲ್ಲಿ
ಈಗಲೂ ಒಮ್ಮೊಮ್ಮೆ ಸಿಗುತ್ತಾಳೆ.
ತಪ್ಪೆಂದು ಗೊತ್ತು.
ವ್ಯಾನಿನ ಡೇವಿ ಫೌಬಿಸ್ಟರನಿಗೂ ಗೊತ್ತು,
ಕಂಡೂ ಕಾಣದವನ ಹಾಗೆ ಮುದ್ರೆ ಒತ್ತುತ್ತಾನೆ.

ಕಳೆದ ಚಳಿಗಾಲ,
ಬೆಟ್ಟದೊಳಗಿನ ಡ್ರ್ಯಾಗನ್ನಿಗೆ ಜೋಗುಳ ಹಾಡಿ
ರಾಜ್ಯ ಉಳಿಸುವ ಹುಡುಗಿಯ ಕತೆಯಲ್ಲಿ
ನನ್ನ ಸೊನ್ನೆ ಇಡಲು ಹೋದರೆ
ಅಲ್ಲಾಗಲೇ ಒಂದು ಮೀನು.
ಎರಡು ಗೆರೆ, ಒಂದು ಚುಕ್ಕೆ. ಮೀನು.
ಅದೇ ಪುಟ, ಅದೇ ಮೂಲೆ!
ಮುಂದಿನ ಗುರುವಾರ ವ್ಯಾನಿನಲ್ಲಿ ನಿಂತು
ಸಿಕ್ಕಿದ್ದನ್ನೆಲ್ಲ ತೆರೆದು ನೋಡಿದೆ,
ಡೇವಿ ಹಾರನ್ ಒತ್ತುತ್ತಲೇ ಇದ್ದ.
ಒಂಬತ್ತರಲ್ಲಿ ಮೀನು,
ನನ್ನ ಹಳೆಯ ಸೊನ್ನೆಗಳ ಪಕ್ಕದಲ್ಲೇ,
ಅದೇ ಬಿಟ್ಟ ಗುಳ್ಳೆಗಳೋ ಎನ್ನುವ ಹಾಗೆ.

ದ್ವೀಪದಲ್ಲಿರುವುದು ಆರುನೂರು ಜನ.
ಕುರಿ ಡಾಕ್ಟರೋ? ಪಾದ್ರಿಯ ಹೆಂಡತಿಯೋ?
ಕಟ್ಟೆಯ ಮೇಲೆ ದೋಣಿಯ ಹಗ್ಗ ಹಿಡಿಯುವ
ಸಿಗರ್ಡ್ ರೆಂಡಾಲನಂತೂ ಇರಲಾರ.
ಇಪ್ಪತ್ತು ವರ್ಷದಲ್ಲಿ ಅವನು ನನ್ನೊಡನೆ ಆಡಿದ್ದು ನಾಲ್ಕು ಮಾತು,
ನಾಲ್ಕೂ ಗಾಳಿಯ ದಿಕ್ಕಿನ ಬಗ್ಗೆ.
ಡೇವಿಯನ್ನು ಕೇಳಿದರೆ ಹೇಳಿಬಿಟ್ಟಾನು.
ಕೇಳಿಲ್ಲ.
ಯಾವ ಪುಸ್ತಕವಾದರೂ ಕೊನೆಯ ಪುಟ ಮೊದಲು ಓದುವವಳು ನಾನು,
ಇದೊಂದನ್ನು ಮಾತ್ರ ಮುಂದಿನಿಂದಲೇ ಓದುತ್ತಿದ್ದೇನೆ.

ಮೊನ್ನೆ ಅದೇ ಸರಣಿಯ ಏಳನೇ ಭಾಗ ಬಂತು.
ಹೊಸದು, ಅಂಟಿನ ವಾಸನೆ.
ಮೂವತ್ತೊಂದು ಖಾಲಿ!
ಮೀನಿಗಿಂತ ಮೊದಲು ನಾನು.
ಬೆಳಗಿನ ಜಾವ ಮೂರಕ್ಕೆ ಡ್ರ್ಯಾಗನ್ ಸತ್ತಿತು.
ಐವತ್ತೆಂಟು ವರ್ಷದ ಹೆಂಗಸು,
ದಿನಕ್ಕೆ ನಾನೂರು ಏಡಿ ಒಡೆಯುವವಳು,
ದಿಂಬು ಕಚ್ಚಿ ಅತ್ತೆ.
ಆಮೇಲೆ ಎದ್ದು ಪೆನ್ಸಿಲು ಚೂಪು ಮಾಡಿ
ಸೊನ್ನೆ ಇಟ್ಟೆ.
ಅದರ ಕೆಳಗೆ, ಎಂದೂ ಬರೆಯದವಳು, ಬರೆದೆ:
'ಮುನ್ನೂರ ಎಂಬತ್ತಕ್ಕೆ ಕರವಸ್ತ್ರ ಇಟ್ಟುಕೊಂಡಿರು.'

ಪುಸ್ತಕ ಮರಳಿಸುವ ಗುರುವಾರ ಬಿರುಗಾಳಿ.
ಆದರೂ ಹೋದೆ, ಚೀಲ ಎದೆಗೊತ್ತಿಕೊಂಡು.
ಸಿಗರ್ಡ್ ಕಡಲ ಕಡೆಗೇ ಮುಖ ಮಾಡಿ
'ದೋಣಿ ಇಲ್ಲ' ಅಂದ.
ಸ್ವಲ್ಪ ತಡೆದು,
ನಾನು ಕೇಳದೆಯೇ,
'ವ್ಯಾನೂ ಇಲ್ಲ.'

ಮನೆಗೆ ಬಂದು ಆಲೂಗಡ್ಡೆ ಇಟ್ಟೆ.
ತಳ ಹಿಡಿಯಿತು.